ಸೀಲು ಒತ್ತುವ ಜಾಗ

ಸರ್ಟಿಫಿಕೇಟು ಮನೆಗೆ ಬಂದ ದಿನ ಕಡ್ಡಿ ಮನೆಯಲ್ಲಿರಲಿಲ್ಲ. ಇದ್ದಿದ್ದರೆ ಇಷ್ಟೆಲ್ಲ ರಂಪ ಆಗುತ್ತಲೇ ಇರಲಿಲ್ಲ.

ಅವತ್ತು ಅವಳು ನಾಲ್ಕನೆಯ ಆಸ್ಪತ್ರೆಯ ಸ್ಟೀಲ್ ಬೆಂಚಿನ ಮೇಲೆ ಕೂತಿದ್ದಳು. ಎರಡು ಗಂಟೆ ಕಾಯಿಸಿ ಒಳಗೆ ಕರೆದವರು ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ವರ್ಷ ಅನುಭವ?"

"ಈಗ ತಾನೇ ಓದು ಮುಗೀತು ಮೇಡಂ."

"ಹಾಗಾದ್ರೆ ಎಲ್ಲಾದ್ರೂ ಎರಡು ವರ್ಷ ಕೆಲಸ ಮಾಡ್ಕೊಂಡು ಬಾಮ್ಮ."

"ಎಲ್ಲಾದ್ರೂ ಅಂದ್ರೆ ಎಲ್ಲಿ ಮೇಡಂ? ಹೋದ ಕಡೆಯೆಲ್ಲ ಇದನ್ನೇ ಹೇಳ್ತಾರೆ."

ಆ ಹೆಂಗಸು ಕನ್ನಡಕದ ಮೇಲಿಂದ ಒಮ್ಮೆ ನೋಡಿದರು. "ಬಾಯಿ ಜೋರಿದೆ. ಮುಂದಿನವರನ್ನ ಕಳಿಸು."

ಹುಟ್ಟಿದಾಗ ಕಡ್ಡಿಯ ಹಾಗಿದ್ದಳೆಂದು ಅಜ್ಜಿ ಹಾಗೆ ಕರೆದದ್ದು, ಇಪ್ಪತ್ತೆರಡು ತುಂಬಿದರೂ ಹೆಸರು ಹೋಗಿರಲಿಲ್ಲ. ಮೈಗೆ ಸ್ವಲ್ಪ ಮಾಂಸ ಬಂದಿತ್ತು. ನಾಲಿಗೆಗೆ ಅದಕ್ಕಿಂತ ಮೊದಲೇ ಬಂದಿತ್ತು.

ಅವರ ಮನೆಯ ಮುಂದಿನ ಕೋಣೆಯೇ ಅಪ್ಪನ ಅಂಗಡಿ. ಒಂದು ಜೆರಾಕ್ಸ್ ಮಿಷನ್ನು, ಒಂದು ಲ್ಯಾಮಿನೇಷನ್ ಮಿಷನ್ನು, ಅಡ್ಡಕ್ಕೆ ಎತ್ತಿ ಇಳಿಸುವ ಹಲಗೆಯ ಕೌಂಟರು. ಮನೆಯವರು ಹೊರಗೆ ಹೋಗಬೇಕಾದರೂ ಒಳಗೆ ಬರಬೇಕಾದರೂ ಆ ಹಲಗೆ ಎತ್ತಿಕೊಂಡೇ ಓಡಾಡಬೇಕು. ಬೀದಿಗೆಲ್ಲ ಅಪ್ಪ 'ಜೆರಾಕ್ಸಣ್ಣ'. ಕಾಗದ ಅಂದರೆ ಅವನಿಗೆ ಒಂಥರಾ ಭಯಭಕ್ತಿ. ಅವನಪ್ಪನ ಮನೆಪತ್ರ ಗೆದ್ದಲು ತಿಂದು ಹೋಗಿ ಮನೆಯೂ ಕೈಬಿಟ್ಟಿತ್ತಂತೆ. ಅವತ್ತಿನಿಂದ ಕಂಡ ಕಾಗದವನ್ನೆಲ್ಲ ಪ್ಲಾಸ್ಟಿಕ್ಕಿನೊಳಗೆ ಹಾಕಿ ಬೇಯಿಸಿದರೇ ಅವನಿಗೆ ಸಮಾಧಾನ.

ಕಡ್ಡಿ ಹಲಗೆ ಎತ್ತಿ ಒಳಗೆ ಬಂದಾಗ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಆರಿರಲಿಲ್ಲ.

"ನೋಡು ಬಾ, ನೋಡು ಬಾ! ಬಂತು ನಿನ್ನ ನರ್ಸಿಂಗ್ ಸರ್ಟಿಫಿಕೇಟು!" ಅಪ್ಪ ಎರಡು ಕೈಯಲ್ಲಿ ಹಿಡಿದು ತೋರಿಸಿದ. ಗಾಜಿನ ಹಾಗೆ ಹೊಳೆಯುತ್ತಿತ್ತು. "ಎಲ್ಲಕ್ಕಿಂತ ದಪ್ಪದ ಶೀಟು ಹಾಕಿದ್ದೀನಿ. ನೀರು ಬೀಳಲಿ, ಎಣ್ಣೆ ಬೀಳಲಿ, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಲ್ಲ."

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಅಪ್ಪ?"

"ಒಳ್ಳೇ ಕೆಲಸಕ್ಕೂ ಅಪ್ಪಣೆ ತಗೋಬೇಕಾ?"

ಅವಳಿಗೆ ಎಲ್ಲೋ ಚುರ್ ಅಂದಿತು. ಆದರೆ ಅಪ್ಪನ ಮುಖ ಅಷ್ಟು ಅಗಲವಾಗಿತ್ತು. ಸುಮ್ಮನಾದಳು. ಆ ಸುಮ್ಮನಾದದ್ದಕ್ಕೆ ಆಮೇಲೆ ತನ್ನನ್ನೇ ಎಷ್ಟು ಬೈದುಕೊಂಡಳೋ.

ನಾಲ್ಕು ವಾರ ಹೀಗೇ ಹೋಯಿತು. ಬೆಳಗ್ಗೆ ಒಂದು ಆಸ್ಪತ್ರೆ, ಮಧ್ಯಾಹ್ನ ಪಾತ್ರೆ, ಸಂಜೆ ಅಂಗಡಿ. ಅವಳ ಅಕ್ಷರ ಅಂದವಾಗಿತ್ತು. ಅದೇ ಶಾಪ. ಅರ್ಜಿ ತುಂಬಿಸಲು ಬಂದವರನ್ನೆಲ್ಲ ಅಪ್ಪ ಅವಳ ಮುಂದೆ ಕೂರಿಸುತ್ತಿದ್ದ. "ನಮ್ಮ ಕಡ್ಡಿ ಬರ್ಕೊಡ್ತಾಳೆ ಬಿಡಿ, ಮನೇಲೇ ಇರ್ತಾಳೆ." ಬಿಟ್ಟಿ ಕೆಲಸ. ಗಿರಾಕಿಗಳು ಅಪ್ಪನಿಗೆ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು.

ಅಮ್ಮ ಶಾಲೆಯೊಂದರ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸಿ, ಮೂರು ಗಂಟೆಗೆ ಕಾಲು ಊದಿಸಿಕೊಂಡು ಬರುತ್ತಿದ್ದಳು. ಬಂದವಳೇ ಕೇಳುವುದು, "ಏನಾಯ್ತೇ ಇವತ್ತು?"

"ಅನುಭವ ಬೇಕಂತೆ."

"ಎಲ್ಲಿ ಸಿಗುತ್ತಂತೆ ಅದು, ಕೇಳ್ಕೊಂಡು ಬರಬೇಕಿತ್ತು. ಅರ್ಧ ಕೇಜಿ ತಂದುಬಿಡೋಣ."

ಮಂಚದ ಮೇಲಿಂದ ಅಜ್ಜಿ ನಗುತ್ತಿದ್ದಳು. ಅಪ್ಪನ ಅಮ್ಮ ಅವಳು. ಹಲ್ಲು ಎರಡೇ ಉಳಿದಿದ್ದರೂ ಮಾತಿಗೆ ಮೂವತ್ತೆರಡೂ ಇದ್ದವು. "ಮೂರು ವರ್ಷ ಓದಿ ಪಾತ್ರೆ ತಿಕ್ಕೋಕೆ ಬಂದ್ಳು. ನಾನು ಓದದೇನೇ ತಿಕ್ಕಿದೆ, ಮೂರು ವರ್ಷ ಉಳೀತು."

ಅಷ್ಟರಲ್ಲಿ ಒಂದು ಬಾಗಿಲು ತೆರೆಯಿತು. ಊರಿನ ದೊಡ್ಡಾಸ್ಪತ್ರೆಯವರು ಹೊಸಬರಿಗೆಂದೇ ಪರೀಕ್ಷೆ ಇಟ್ಟಿದ್ದರು. ನಲವತ್ತು ಜಾಗ, ಆರು ನೂರು ಹುಡುಗಿಯರು. ಕಡ್ಡಿ ಹತ್ತೊಂಬತ್ತನೆಯವಳಾಗಿ ಬಂದಳು. ಅಪ್ಪ ಆ ಪಟ್ಟಿಯನ್ನು ಜೆರಾಕ್ಸ್ ಮಾಡಿ, ಅವಳ ಹೆಸರಿಗೆ ಕೆಂಪು ಗೆರೆ ಎಳೆದು, ಅದನ್ನೂ ಲ್ಯಾಮಿನೇಟ್ ಮಾಡಿ ಅಂಗಡಿಯ ಗೋಡೆಗೆ ಹೊಡೆದ. ಇನ್ನು ಮೂಲ ಕಾಗದ ತೋರಿಸಿದರೆ ಸರಿ, ಕೆಲಸ ಕೈಗೆ ಬಂದ ಹಾಗೆ.

ತೋರಿಸಲು ಹೋದಳು.

ಕಿಟಕಿಯ ಹಿಂದಿದ್ದ ಗುಮಾಸ್ತ ಅವಳ ಸರ್ಟಿಫಿಕೇಟನ್ನು ಎತ್ತಿ ಬೆಳಕಿಗೆ ಹಿಡಿದ, ತಿರುಗಿಸಿದ, ಉಗುರಿನಿಂದ ಟಕಟಕ ಬಡಿದ.

"ಏನಮ್ಮ ಇದು, ಊಟದ ತಟ್ಟೆಯಾ?"

"ನನ್ನ ನೋಂದಣಿ ಸರ್ಟಿಫಿಕೇಟು ಸರ್."

"ಅದು ಗೊತ್ತಾಯ್ತು. ಹಿಂದೆ ಏನಿದೆ ನೋಡು. ಖಾನೆಗಳು. ಕೆಲಸಕ್ಕೆ ಸೇರಿದಾಗ ಆಸ್ಪತ್ರೆಯವರು ಇಲ್ಲಿ ಸೀಲು ಒತ್ತಿ ತಾರೀಕು ಬರೀಬೇಕು. ಐದು ವರ್ಷಕ್ಕೊಂದು ಸಲ ನರ್ಸಿಂಗ್ ಕೌನ್ಸಿಲ್‌ನವರು ಒತ್ತಬೇಕು. ಈಗ ಎಲ್ಲಿ ಒತ್ತಲಿ, ನಿನ್ನ ಹಣೆಗೆ ಒತ್ಲಾ?"

ಕಿಟಕಿಯ ಮುಂದೆ ನಿಂತಿದ್ದ ಹುಡುಗಿಯರಲ್ಲಿ ಇಬ್ಬರು ನಕ್ಕರು.

"ಈಗೇನು ಮಾಡಬೇಕು ಸರ್?"

ಗುಮಾಸ್ತ ಕೆಟ್ಟವನಲ್ಲ. "ಕೌನ್ಸಿಲ್ ಆಫೀಸಿಗೆ ಇದನ್ನ ಒಪ್ಪಿಸಿ, ಹೊಸದಕ್ಕೆ ಅರ್ಜಿ ಹಾಕು. ಅವರು ಕೊಡೋ ರಸೀದಿ ತಂದ್ರೂ ಸಾಕು, ಸೇರಿಸ್ಕೋತೀವಿ. ಹದಿನೈದು ದಿನ ಟೈಮು. ಹದಿನಾರನೇ ದಿನ ನಲವತ್ತೊಂದನೇ ಹುಡುಗಿಯನ್ನ ಕರೀತೀನಿ. ಯಾರು ಮಾಡಿದ್ದಮ್ಮ ಈ ಘನಂದಾರಿ ಕೆಲಸ?"

ಅವಳು ಸರ್ಟಿಫಿಕೇಟನ್ನು ಬ್ಯಾಗಿಗೆ ಹಾಕಿಕೊಂಡು ಹೊರಟಳು.

ಮನೆಯಲ್ಲಿ ಅಪ್ಪ ನಂಬಲಿಲ್ಲ. "ಅವನಿಗೆ ತಲೆ ಕೆಟ್ಟಿರಬೇಕು. ಇಪ್ಪತ್ತು ವರ್ಷದಿಂದ ಮಾಡ್ತಿದ್ದೀನಿ. ಇಂಜಿನಿಯರುಗಳದ್ದು ಮಾಡಿದ್ದೀನಿ, ಮೇಷ್ಟ್ರುಗಳದ್ದು ಮಾಡಿದ್ದೀನಿ. ಒಬ್ಬರಾದ್ರೂ ವಾಪಸ್ ಬಂದು ಕೇಳಿದ್ದಾರಾ?"

"ವಾಪಸ್ ಬಂದು ಏನಂತ ಕೇಳ್ತಾರೆ? ಬೇಯಿಸಿದ್ದನ್ನ ಹಸಿ ಮಾಡಿಕೊಡು ಅಂತಾನಾ?"

"ಮಾಡಿಕೊಡ್ತೀನಿ ಬಿಡು! ಇಸ್ತ್ರಿಪೆಟ್ಟಿಗೆಯಲ್ಲಿ ಹದವಾಗಿ ಕಾಯಿಸಿದ್ರೆ ಪದರ ತಾನಾಗೇ ಬಿಡುತ್ತೆ."

"ಮುಟ್ಟಬೇಡ ಅಪ್ಪ. ಕಾಲಿಗೆ ಬೀಳ್ತೀನಿ, ಮುಟ್ಟಬೇಡ. ಇದ್ದ ಹಾಗೇ ಒಪ್ಪಿಸಬೇಕು." ಅಂದವಳೇ ತನ್ನ ಟ್ರಂಕಿನಲ್ಲಿ ಬಟ್ಟೆಯ ಅಡಿಗೆ ಇಟ್ಟಳು.

ಮಾರನೆಯ ಬೆಳಗ್ಗೆ ಕೌನ್ಸಿಲ್ ಆಫೀಸಿಗೆ ಹೋಗಿ ಫಾರಂ ತಂದಳು. ಎರಡು ಬಸ್ಸು, ಒಂದು ಮೈಲಿ ನಡಿಗೆ. ವಾಪಸ್ ಬಂದಾಗ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಒಳಗೆ ನೆಲದ ಮೇಲೆ ಅಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆ, ಬ್ಲೇಡು. ಟ್ರಂಕು ಬಾಯಿ ತೆರೆದಿತ್ತು. ಅವನ ಕೈಯಲ್ಲಿದ್ದ ಪ್ಲಾಸ್ಟಿಕ್ಕಿನ ಪದರಕ್ಕೆ ಅವಳ ಫೋಟೋದ ಅರ್ಧ ಮುಖವೂ ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳೂ ಅಂಟಿಕೊಂಡು ಬಂದಿದ್ದವು.

"ಒಂದು ಮೂಲೆ ಚೆನ್ನಾಗಿ ಬಿಡ್ತು ಕಣಮ್ಮ," ಅಂದ ಅಪ್ಪ. "ಆ ಕಡೆ ಮಾತ್ರ..."

ಕಡ್ಡಿ ಕೂಗಾಡಲಿಲ್ಲ. ನೆಲದ ಮೇಲಿದ್ದ ಇಸ್ತ್ರಿಪೆಟ್ಟಿಗೆಯ ವೈರು ಕಿತ್ತಳು, ಪೆಟ್ಟಿಗೆ ಎತ್ತಿಕೊಂಡು ಹೋಗಿ ಹಿತ್ತಲ ಕಲ್ಲಿನ ಮೇಲೆ ಎತ್ತಿ ಹಾಕಿದಳು. ಸದ್ದು ನಾಲ್ಕು ಮನೆಗೆ ಕೇಳಿಸಿತು. ಆಮೇಲೆ ಚೂರುಗಳನ್ನೆಲ್ಲ ಆಯ್ದು ಒಂದು ಕವರಿನಲ್ಲಿ ಹಾಕಿಕೊಂಡಳು.

"ಹೊಸ ಪೆಟ್ಟಿಗೆ ಕಣೇ ಅದು!" ಅಂದಳು ಅಜ್ಜಿ.

"ನನ್ನದೂ ಹೊಸ ಸರ್ಟಿಫಿಕೇಟೇ ಆಗಿತ್ತು ಅಜ್ಜಿ."

ಫಾರಂ ದೊಡ್ಡದೇನಲ್ಲ, ಒಂದು ಹಾಳೆ. ಹೇಗೆ ಹಾಳಾಯಿತು, ಯಾರಿಂದ ಹಾಳಾಯಿತು, ಹಾಳು ಮಾಡಿದವರ ಹೇಳಿಕೆ, ಉದ್ಯೋಗ, ವಿಳಾಸ, ಸಹಿ. ಸಂಖ್ಯೆ ಕಿತ್ತುಹೋದ ಕಾಗದ ತಂದರೆ ತಿದ್ದಿದ್ದಾರೆಂದು ಅನುಮಾನ ಬರುತ್ತದೆ, ಹಾಗಾಗಿ ಆ ಹೇಳಿಕೆ ಇಲ್ಲದೆ ಕಿಟಕಿಯವರು ಕೈಯಲ್ಲೂ ಮುಟ್ಟುವುದಿಲ್ಲ. ಕಡ್ಡಿ ಎಲ್ಲ ತುಂಬಿ, ಸಹಿಯ ಜಾಗ ಬಿಟ್ಟು, ಊಟಕ್ಕೆ ಕೂತ ಅಪ್ಪನ ತಟ್ಟೆಯ ಪಕ್ಕ ಇಟ್ಟಳು.

ಅಪ್ಪ ಓದಿದ. ಎಡಗೈಯಿಂದ ದೂರ ಸರಿಸಿದ.

"ಇದಕ್ಕೆ ಸಹಿ ಹಾಕಲ್ಲ."

"ಯಾಕೆ?"

"ಉದ್ಯೋಗ, ಲ್ಯಾಮಿನೇಷನ್ ಅಂಗಡಿ. ಹಾಳು ಮಾಡಿದವನು, ನಾನು. ಇದನ್ನ ನನ್ನ ಕೈಯಾರೆ ಬರ್ಕೊಟ್ರೆ ನಾಳೆ ಅಂಗಡಿಗೆ ಯಾರು ಬರ್ತಾರೆ? ಕಳೆದುಹೋಯ್ತು ಅಂತ ಬರಿ. ಬಸ್ಸಲ್ಲಿ ಬಿದ್ದುಹೋಯ್ತು ಅಂತ ಬರಿ."

"ಕಳೆದುಹೋಯ್ತು ಅಂದ್ರೆ ಪೊಲೀಸ್ ಕಂಪ್ಲೇಂಟು ಬೇಕು, ಮೂರು ತಿಂಗಳು ಕಾಯಬೇಕು. ನನಗಿರೋದು ಹದಿಮೂರು ದಿನ. ಅದೂ ಅಲ್ದೆ, ಸುಳ್ಳು ಹೇಳಿ ನರ್ಸ್ ಆಗು ಅಂತೀಯಾ?"

"ಅಪ್ಪನ ಅನ್ನಕ್ಕೆ ಮಣ್ಣು ಹಾಕಿ ಆಗು ಅಂತಾರಾ ಕಾಲೇಜಲ್ಲಿ?"

ಅಮ್ಮ ಬಟ್ಟಲು ಕುಕ್ಕಿದಳು. "ರೀ, ಅವಳ ಅನ್ನಕ್ಕೆ ಬೀಳ್ತಿರೋದು ಏನ್ರೀ ಮತ್ತೆ, ಸಕ್ಕರೆನಾ?"

"ನೀನು ಸುಮ್ನಿರು. ನಿನಗೆ ವ್ಯಾಪಾರ ಗೊತ್ತಿಲ್ಲ."

"ಗೊತ್ತಿಲ್ಲ. ಇನ್ನೂರು ಮಕ್ಕಳ ಅಡುಗೆಯಲ್ಲಿ ಒಂದಿನ ಉಪ್ಪು ಜಾಸ್ತಿ ಆದ್ರೆ, ಹಾಕಿದ್ದು ನಾನೇ ಅಂತ ಹೆಡ್ ಮೇಡಂ ಮುಂದೆ ಹೇಳ್ತೀನಿ. ಅಷ್ಟು ಗೊತ್ತು."

ಅಪ್ಪ ಎದ್ದು ಕೈ ತೊಳೆದುಕೊಂಡ. ತಟ್ಟೆಯಲ್ಲಿ ಅರ್ಧ ಉಳಿದಿತ್ತು.

ಎಂಟು ದಿನ ಅದೇ ಹಾಡು. ಸಹಿ ಹಾಕು, ಹಾಕಲ್ಲ. ಅಮ್ಮ ಬೈದಳು, ಅತ್ತಳು, ಕೊನೆಗೆ "ನಾನೇ ಮಾಡಿದ್ದು ಅಂತ ಹಾಕ್ತೀನಿ ಕೊಡೇ" ಅಂದಳು. ಕಡ್ಡಿ ಅದಕ್ಕೂ ರೇಗಿದಳು. "ನೀನು ಆ ಮಿಷನ್ ಮುಟ್ಟಿದ್ದೀಯಾ? ಈ ಮನೇಲಿ ಮಾಡಿದವರು ಬಿಟ್ಟು ಮಿಕ್ಕವರೆಲ್ಲ ತಲೆ ಕೊಡ್ತೀರಿ."

ಒಂಬತ್ತನೆಯ ದಿನ ಅಪ್ಪ ತಲೆ ಬಾಚಿಕೊಂಡು ಬಂದ. "ಏಳು, ಬಟ್ಟೆ ಬದಲಾಯಿಸು. ಕೆಲಸ ಗೊತ್ತು ಮಾಡಿದ್ದೀನಿ. ಆ ದೊಡ್ಡಾಸ್ಪತ್ರೆ ಸಹವಾಸವೇ ಬೇಡ."

ಎರಡು ಬೀದಿಯಾಚೆ ಒಂದು ನರ್ಸಿಂಗ್ ಹೋಮು. ಅಲ್ಲಿನ ಡಾಕ್ಟರಮ್ಮ ತಮ್ಮ ಬಿಲ್ ಪುಸ್ತಕಗಳನ್ನು ಅಪ್ಪನ ಹತ್ತಿರವೇ ಮಾಡಿಸುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದುಕೊಂಡೇ ಕಡ್ಡಿ ಹೊರಟಳು, ಚೂರುಗಳ ಕವರು ಬ್ಯಾಗಿನಲ್ಲೇ ಇತ್ತು. ಮನೆಯಲ್ಲಿ ಬಿಟ್ಟು ಹೋಗುವ ಧೈರ್ಯ ಈಗ ಅವಳಿಗಿರಲಿಲ್ಲ.

ಡಾಕ್ಟರಮ್ಮ ಟೀ ಕುಡಿಯುತ್ತಲೇ ಮಾತಾಡಿದರು. "ನಿಮ್ಮಪ್ಪ ಎಲ್ಲ ಹೇಳಿದ್ರು. ಮೊದಲ ವರ್ಷ ಟ್ರೈನಿ ಅಂತ ತಗೋತೀನಿ. ಸಂಬಳ ಅಂತ ಇಲ್ಲ, ಬಸ್ ಖರ್ಚು ಕೊಡ್ತೀನಿ. ಎರಡು ವರ್ಷ ಬಿಟ್ಟು ಹೋಗೋ ಹಾಗಿಲ್ಲ. ಒರಿಜಿನಲ್ ಸರ್ಟಿಫಿಕೇಟು ನನ್ನ ಹತ್ತಿರ ಇರಬೇಕು."

"ಅದು ಹರಿದಿದೆ," ಅಂದಳು ಕಡ್ಡಿ.

"ಹರಿದಿದ್ರೂ ಪರವಾಗಿಲ್ಲ. ಬೀರುವಿನಲ್ಲಿ ಇರೋಕೆ ತಾನೇ?" ಅವರು ಹಿಂದೆ ತಿರುಗಿ ಕಬ್ಬಿಣದ ಬೀರು ತೆಗೆದರು. ಕಂದು ಕವರುಗಳು ಪುಸ್ತಕಗಳ ಹಾಗೆ ನೆಟ್ಟಗೆ ನಿಂತಿದ್ದವು. ಪ್ರತಿ ಕವರಿನ ಮೇಲೂ ಒಂದೊಂದು ಹುಡುಗಿಯ ಹೆಸರು.

"ಎಷ್ಟು ಶಿಸ್ತಾಗಿ ಇಟ್ಟಿದ್ದಾರೆ ನೋಡು," ಅಂದ ಅಪ್ಪ. ನಿಜವಾಗಿ ಮೆಚ್ಚಿಯೇ ಅಂದ.

ಬಾಗಿಲ ಬಳಿ ಟ್ರೇ ಹಿಡಿದು ನಿಂತಿದ್ದ ನರ್ಸೊಬ್ಬಳನ್ನು ಕಡ್ಡಿ ಕೇಳಿದಳು, "ಅಕ್ಕಾ, ನಿಮ್ಮ ಎರಡು ವರ್ಷ ಯಾವಾಗ ಮುಗಿಯುತ್ತೆ?"

ಆಕೆ ಡಾಕ್ಟರಮ್ಮನ ಮುಖ ನೋಡಿದಳು, ಟ್ರೇ ನೋಡಿದಳು. "ನನ್ನದು ನಾಲ್ಕನೇ ವರ್ಷ."

"ನೀನು ಹೋಗಿ ಏಳನೇ ಬೆಡ್ ನೋಡು," ಅಂದರು ಡಾಕ್ಟರಮ್ಮ.

ಕಡ್ಡಿ ಎದ್ದಳು. "ಬರ್ತೀನಿ ಮೇಡಂ."

"ಕೂತ್ಕೋಮ್ಮ, ಮಾತು ಮುಗಿದಿಲ್ಲ."

"ನಿಮ್ಮದು ಮುಗಿದಿಲ್ಲ. ನನ್ನದು ಮುಗೀತು."

ಬೀದಿಯಲ್ಲಿ ಅಪ್ಪ ಹಿಂದಿನಿಂದ ಓಡಿ ಬಂದ. "ನನ್ನ ಗಿರಾಕಿ ಮುಂದೆ ಮರ್ಯಾದೆ ಕಳೆದೆ!"

"ನನ್ನನ್ನ ಬೀರುವಿಗೆ ಹಾಕೋಕೆ ಕರ್ಕೊಂಡು ಹೋಗಿದ್ದೆಯಲ್ಲ, ಆಗ ನಿನ್ನ ಮರ್ಯಾದೆ ಎಲ್ಲಿತ್ತು? ಒಂದು ಸಹಿ ಅಪ್ಪ. ಒಂದು ಸಹಿ ಉಳಿಸಿಕೊಳ್ಳೋಕೆ ನನ್ನ ಎರಡು ವರ್ಷ ಮಾರ್ತಿದ್ದೆ."

"ನಿನ್ನ ಒಳ್ಳೇದಕ್ಕೆ..."

"ಸಾಕು. ಸರ್ಟಿಫಿಕೇಟು ಬೇಯಿಸಿದ್ದೂ ನನ್ನ ಒಳ್ಳೇದಕ್ಕೇ."

ಆಮೇಲೆ ಮನೆಯಲ್ಲಿ ಮಾತು ನಿಂತಿತು. ಅಪ್ಪನ ತಟ್ಟೆ ಅಪ್ಪನೇ ಹಾಕಿಕೊಂಡ. ಹನ್ನೆರಡನೆಯ ದಿನ ಅಜ್ಜಿ ಮಗನನ್ನು ಮಂಚದ ಹತ್ತಿರ ಕರೆದಳು.

"ಏನೋ, ಮನೆಗೆ ಮಾರಿ, ಊರಿಗೆ ಉಪಕಾರಿ. ಹಾಕೋ ಸಹೀನ."

"ನಿನಗೆ ಅರ್ಥ ಆಗಲ್ಲ ಅಮ್ಮ. ಇಡೀ ಬೀದಿಯ ಕಾಗದ ನಾನು ಮಾಡಿದ್ದೀನಿ. ನಂದು ತಪ್ಪು ಅಂತ ಒಂದು ಸಲ ಬರ್ಕೊಟ್ರೆ, ಎಲ್ಲಾ ತಪ್ಪು ಅಂತ ಆಗುತ್ತೆ."

ಪಾತ್ರೆ ತೊಳೆಯುತ್ತಿದ್ದ ಕಡ್ಡಿಗೆ ಅದು ಕೇಳಿಸಿತು. ಹಾಗಾದರೆ ಅವನಿಗೆ ಗೊತ್ತಿದೆ. ಗುಮಾಸ್ತನಿಗೆ ತಲೆ ಕೆಟ್ಟಿಲ್ಲ ಅಂತಲೂ ಗೊತ್ತಿದೆ. ಗೊತ್ತಿದ್ದೂ ಈ ಹನ್ನೆರಡು ದಿನದಲ್ಲಿ ಬಂದವರ ಕಾಗದವನ್ನೆಲ್ಲ ಹಾಗೇ ಬೇಯಿಸಿ ಕೊಟ್ಟಿದ್ದಾನೆ. ಮಿಷನ್ನಿನ ವಾಸನೆ ಒಂದು ದಿನವೂ ನಿಂತಿರಲಿಲ್ಲ.

ಕೈ ಒರೆಸಿಕೊಂಡಳು. ಸಂಜೆ ಐದಕ್ಕೆ ಕಾದಳು. ಶಾಲೆ, ಆಫೀಸು ಬಿಟ್ಟು ಅಂಗಡಿ ತುಂಬುವ ಹೊತ್ತು ಅದು. ಆರೇಳು ಜನ ಇದ್ದರು. ಅವಳು ಹಲಗೆಯ ಮೇಲೆ ಫಾರಂ ಇಟ್ಟು, ನಿಂತುಕೊಂಡೇ ಗಟ್ಟಿಯಾಗಿ ಓದಿದಳು.

"ಈ ಕೆಳಗೆ ಸಹಿ ಮಾಡಿರುವ ನಾನು, ಅರ್ಜಿದಾರಳ ತಂದೆ. ಲ್ಯಾಮಿನೇಷನ್ ಅಂಗಡಿ ಇಟ್ಟುಕೊಂಡಿರುತ್ತೇನೆ. ನನ್ನ ಮಗಳ ಮೂಲ ಸರ್ಟಿಫಿಕೇಟನ್ನು ಅವಳನ್ನು ಕೇಳದೆ ಲ್ಯಾಮಿನೇಟ್ ಮಾಡಿದ್ದರಿಂದ, ಸೀಲು ಒತ್ತಲು ಜಾಗವಿಲ್ಲದಂತೆ ಆಗಿರುತ್ತದೆ. ಅನಂತರ ಅವಳು ಬೇಡವೆಂದರೂ ಅವಳ ಟ್ರಂಕಿನಿಂದ ತೆಗೆದು, ಇಸ್ತ್ರಿಪೆಟ್ಟಿಗೆಯಿಂದ ಕಾಯಿಸಿ ಬಿಡಿಸಲು ಹೋಗಿ ಹರಿದಿರುತ್ತೇನೆ."

ಅಪ್ಪ ಜೆರಾಕ್ಸ್ ಮಿಷನ್ನು ನಿಲ್ಲಿಸಿದ.

"ಒಳಗೆ ನಡಿ. ಒಳಗೆ ಮಾತಾಡೋಣ," ಅಂದ ಅಪ್ಪ, ಹಲ್ಲು ಕಚ್ಚಿ.

"ಒಳಗೆ ಹನ್ನೆರಡು ದಿನ ಮಾತಾಡಿದ್ದೀವಿ. ಇಲ್ಲೇ ಹಾಕು."

ಮುಂದೆ ನಿಂತಿದ್ದ ಮೇಷ್ಟ್ರೊಬ್ಬರು ಕೈಯಲ್ಲಿದ್ದ ಕಾಗದವನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡರು. "ಏನ್ರೀ ಜೆರಾಕ್ಸಣ್ಣ, ಒರಿಜಿನಲ್ ಲ್ಯಾಮಿನೇಟ್ ಮಾಡಬಾರದಾ? ನನ್ನ ಮಗಂದು ಐದು ಅಂಕಪಟ್ಟೀನೂ ನೀವೇ ಮಾಡಿದ್ದು. ಅವನದ್ದೂ ಎಲ್ಲೋ ತಗೊಳ್ಳಲ್ಲ ಅಂದ್ರಂತೆ, ಅವನೇ ಸೋಮಾರಿ ಅಂತ ನಾನು ನಾಲ್ಕು ಬಿಗಿದಿದ್ದೆ."

"ಅದು ಹಾಗಲ್ಲ ಮೇಷ್ಟ್ರೇ..."

"ಹಾಗೇ ಮೇಷ್ಟ್ರೇ," ಅಂದಳು ಕಡ್ಡಿ. "ಜೆರಾಕ್ಸ್ ಮಾಡಿಸಿ, ಆ ಪ್ರತಿಯನ್ನ ಎಷ್ಟು ಬೇಕಾದ್ರೂ ಲ್ಯಾಮಿನೇಟ್ ಮಾಡಿಸಿ. ಒರಿಜಿನಲ್ ಕೊಡಬೇಡಿ. ಅಪ್ಪ, ಪೆನ್ನು."

ಅಪ್ಪ ಸಹಿ ಹಾಕಿದ. ಹಾಕಿದ ರಭಸಕ್ಕೆ ಪೆನ್ನಿನ ಮೊನೆ ಹಾಳೆಯಲ್ಲಿ ತೂತು ಮಾಡಿತು. ಕಾಗದವನ್ನು ಅವಳ ಎದೆಗೆ ನೂಕಿ, "ತಗೋ. ಅಪ್ಪನ ಮಾನ ಬೀದಿಯಲ್ಲಿ ಹರಾಜು ಹಾಕಿದೆ, ತೃಪ್ತಿಯಾಯ್ತಾ?" ಅಂದ.

"ಇಲ್ಲ," ಅಂದಳು. ನಿಜವನ್ನೇ ಹೇಳಿದಳು.

ಕೌನ್ಸಿಲ್ ಕಿಟಕಿಯಲ್ಲಿ ಚೂರುಗಳನ್ನು ಎಣಿಸಿ ತೆಗೆದುಕೊಂಡು ರಸೀದಿ ಕೊಟ್ಟರು. ದೊಡ್ಡಾಸ್ಪತ್ರೆಯ ಗುಮಾಸ್ತ ರಸೀದಿಯನ್ನು ಬೆಳಕಿಗೆ ಹಿಡಿದು, ಬಾಗಿಸಿ ನೋಡಿ, "ಅಬ್ಬಾ, ಇದು ಕಾಗದ" ಅಂದ. ಅವಳು ನಗಲಿಲ್ಲ. ಸೋಮವಾರ ಬೆಳಗ್ಗೆ ಎಂಟಕ್ಕೆ ಹೆರಿಗೆ ವಾರ್ಡಿನಲ್ಲಿ ಹಾಜರಾಗಬೇಕೆಂದು ಬರೆದುಕೊಟ್ಟರು.

ಅಲ್ಲಿಂದ ಐದು ದಿನ ಅಪ್ಪ ಅವಳೊಂದಿಗೆ ಒಂದು ಮಾತೂ ಆಡಲಿಲ್ಲ. "ಇನ್ನು ಅಂಗಡಿಗೆ ನಾಯಿಯೂ ಬರಲ್ಲ" ಎಂದು ಗೋಡೆಗೆ ಹೇಳುತ್ತಿದ್ದ.

ಅಲ್ಲೂ ಅವನ ಲೆಕ್ಕ ತಪ್ಪಿತು. ಸೋಮವಾರ ಬೆಳಗ್ಗೆ ಏಳಕ್ಕೆ ಕಡ್ಡಿ ಬಿಳಿ ಯೂನಿಫಾರಂ ಹಾಕಿಕೊಂಡು ಅಂಗಡಿಯೊಳಗೆ ಕಾಲಿಟ್ಟರೆ, ಹಲಗೆಯಾಚೆ ಒಂಬತ್ತು ಜನ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ಕು ಹೊಳೆಯುತ್ತಿತ್ತು. ಅಂಕಪಟ್ಟಿ, ಜನನ ಪತ್ರ, ಮನೆಪತ್ರ. ಮೇಷ್ಟ್ರು ಮಗನ ಐದನ್ನೂ ಇಸ್ಪೀಟಿನ ಎಲೆಗಳ ಹಾಗೆ ಬಿಡಿಸಿ ಹಿಡಿದಿದ್ದರು.

"ನಮಗೂ ಬರ್ಕೊಡಿ ಜೆರಾಕ್ಸಣ್ಣ. ನೀವೇ ಮಾಡಿದ್ದು ಅಂತ."

"ಮಗಳಿಗೆ ಒಂದು ನ್ಯಾಯ, ನಮಗೊಂದಾ?"

ಅಪ್ಪ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದ. ಮೊದಲನೆಯದೇ ಇನ್ನೂ ಮುಗಿದಿರಲಿಲ್ಲ. ಕೋಳಿ ಕೆದರಿದಂತಿದ್ದ ಆ ಅಕ್ಷರವನ್ನು ನೋಡಿ ಹೆಂಗಸೊಬ್ಬಳು, "ಇದನ್ನ ಯಾರು ಓದ್ತಾರ್ರೀ? ಸರಿಯಾಗಿ ಬರೀರಿ" ಎಂದು ಗದರಿಸಿದಳು.

ಅಪ್ಪ ತಲೆ ಎತ್ತಿದ. ಐದು ದಿನದ ಮೇಲೆ ಮೊದಲ ಸಲ ಅವಳ ಕಡೆ ನೋಡಿದ. ದನಿ ಇಳಿದಿತ್ತು.

"ಕಡ್ಡೀ, ಒಂದರ್ಧ ಗಂಟೆ ಕೂತು ಇವರದ್ದೆಲ್ಲ ಬರ್ಕೊಟ್ಟು ಹೋಗೇ. ನಿನ್ನ ಅಕ್ಷರ ಚೆನ್ನಾಗಿದೆ. ನಾನು ಸಹಿ ಹಾಕ್ತೀನಿ."

ಒಂಬತ್ತು ಜನವೂ ಅವಳತ್ತ ತಿರುಗಿದರು. ಮೇಷ್ಟ್ರು ಆಗಲೇ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿದರು.

"ನನಗೆ ಡ್ಯೂಟಿ ಇದೆ," ಅಂದಳು ಕಡ್ಡಿ.

ಹಲಗೆ ಎತ್ತಿ ಹೊರಗೆ ಬಂದಳು. ಹಿಂದಿನಿಂದ ಅಪ್ಪ ಎರಡು ಸಲ ಕೂಗಿದ್ದು ಕೇಳಿಸಿತು. ಏಳೂಕಾಲರ ಬಸ್ಸು ಬೀದಿಯ ತಿರುವಿಗೆ ಬಂದಾಗಿತ್ತು. ಓಡಿದಳು.